ಮಾಳಿಗೆ ಮನೆಯೂ ಮಾಗಿಯ ಚಳಿಯೂ



ದೀಪಾವಳಿ ಮುಗಿಯಿತು, ಹಿಂಗಾರಿ ಜೋಳ ಎದ್ದು ನಿಂತಿತು. ಇನ್ನು ಮಾಗಿಯ ಸರದಿ. "ಬಳ್ಳಾರಿ ಸೀಮೆಗೆ ಚಳಿ ಎಲ್ಲೀದು? ನಮಗಿರೋದು ಬಿಸಿಲುಗಾಲ, ಕಡುಬಿಸಿಲುಗಾಲ, ಎರಡೇ!" ಅಂತ ನೀವು ನಗಬಹುದು. ಆದರೆ 40 ಡಿಗ್ರಿ ಬಿಸಿಲಿಗೆ ಒಗ್ಗಿದ ಮೈಗೆ ಮಾಗಿಯ ಬೆಳಗಿನ ಜಾವ ಸುಲಭವಲ್ಲ. ಮುದುಕರಿಗೆ ಕೆಮ್ಮು, ಕೂಸಿಗೆ ನೆಗಡಿ, ಎಳೆಗರುವಿಗೆ ನಡುಕ. ಈ ಚಳಿಯನ್ನು ನಮ್ಮ ಹಿರಿಯರು ಹೇಗೆ ಹೊಸಿಲಾಚೆ ನಿಲ್ಲಿಸಿದ್ದರು, ನೋಡೋಣ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಗುಡ್ಡದಲ್ಲಿ 1963-64ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದರು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದಿನ ಗುಂಡನೆಯ ಗುಡಿಸಲುಗಳ ಗುರುತು ಸಿಕ್ಕಿತು. ಬಂಡೆಗಳ ನಡುವೆ ನೆಲ ಹದಮಾಡಿ, ತಟ್ಟಿಗೆ ಮಣ್ಣು ಮೆತ್ತಿ ಕಟ್ಟಿದ ಮನೆಗಳವು. ಬಂಡೆ ಗಾಳಿಗೆ ಅಡ್ಡವಾಗುತ್ತದೆ. ಹಗಲು ಕಾದು, ರಾತ್ರಿ ಬಿಸುಪು ಬಿಡುತ್ತದೆ. ಇನ್ನು ಕುಡತಿನಿಯ ಬೂದಿದಿಬ್ಬ ಕಂಡಿದ್ದೀರಲ್ಲ? ಅದು ಹೊಸ ಶಿಲಾಯುಗದ ದನಗಾರರು ಕೂಡಿಹಾಕಿ ಸುಟ್ಟ ಸಗಣಿಯ ಬೂದಿ. ದನ, ಜನ ಒಂದೆಡೆ ಬಾಳುವುದು ಈ ನೆಲದಲ್ಲಿ ಅಷ್ಟು ಹಳೆಯದು.

ತರುವಾಯದ ಕಾಲದ್ದು ಮಾಳಿಗೆ ಮನೆ. ಕೊಳಗಲ್ಲು, ಕುರುಗೋಡು ಕಡೆಯ ಹಳೆಯ ಓಣಿಗಳಲ್ಲಿ ಇಂದಿಗೂ ಕೆಲವು ನಿಂತಿವೆ. ದಪ್ಪನೆಯ ಕಲ್ಲುಮಣ್ಣಿನ ಗೋಡೆ. ತೊಲೆ, ಜಂತಿಗಳ ಮೇಲೆ ಕಟ್ಟಿಗೆ, ಸೊಪ್ಪು. ಅದರ ಮೇಲೆ ಸವಳು ಮಣ್ಣಿನ ಮೇಲ್ಮುದ್ದೆ. ಸವಳಿನಲ್ಲಿ ಸೋಡದ ಉಪ್ಪುಂಟು. ನೆನೆದಾಗ ಮಣ್ಣಿನ ನುಣುಪು ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದು. ಹೊಲಕ್ಕೆ ಶಾಪವಾದ ಸವಳು ಮಾಳಿಗೆಗೆ ವರವಾಯಿತು! ಇಂಥ ಮನೆ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿ, ರಾತ್ರಿ ನಿಧಾನವಾಗಿ ಒಳಗೆ ಬಿಡುತ್ತದೆ. ಪಕ್ಕದ ಅಂಕಣದ ದನಗಳ ಮೈಬಿಸಿಯೂ ಕೂಡಿಕೊಳ್ಳುತ್ತಿತ್ತು.

ಮಳೆ ನಿಂತೊಡನೆ ಮನೆಯ ಚಾಕರಿ ಶುರುವಾಗುತ್ತಿತ್ತು. ಗಂಡಸರು ಮಾಳಿಗೆಯ ಬಿರುಕು, ಇಲಿ ಬಿಲ ಮುಚ್ಚುವರು. ಹೆಂಗಸರು ಗೋಡೆ ಮೆತ್ತಿ ಸಾರಿಸುವರು, ಹಳೆ ಸೀರೆಗಳಿಂದ ಕೌದಿ ಹೊಲಿಯುವರು. ಕುರುಬರು ನೇಯ್ದ ಕಂಬಳಿ ಬಿಸಿಲು ಕಾಣುವುದು. ಬೆಂಕಿಗಿಂತ ಹೆಚ್ಚಾಗಿ ಒಣಗಿದ ದಪ್ಪ ಮಣ್ಣೇ ಅವರ ಕಾವಲು.

1953ರಿಂದೀಚೆಗೆ ತುಂಗಭದ್ರೆಯ ನೀರು ಬಂತು, ಬತ್ತ ಬಂತು, ಕೈಗೆ ಕಾಸು ಬಂತು. ಮಾಳಿಗೆ ಹೋಗಿ ತಗಡು, ಕಾಂಕ್ರೀಟು ಬಂದವು. ಪ್ರತಿವರ್ಷದ ದುರಸ್ತಿ ತಪ್ಪಿದ್ದು ಒಳ್ಳೆಯದೇ. ಆದರೆ ತೆಳು ತಗಡು ಹೊತ್ತು ಮುಳುಗಿದ ಕೂಡಲೇ ತಣ್ಣಗಾಗುತ್ತದೆ. ಕಾಲುವೆ ಬದಿಯ ಊರುಗಳಲ್ಲಿ ಗೋಡೆಯ ಬುಡ ತೇವ ಹಿಡಿದರಂತೂ ಮನೆಯೇ ಥಂಡಿ.

ಆದುದರಿಂದ ಈಗ ಹೀಗೆ ಮಾಡಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ತೆಗೆಯಿರಿ. ತಗಡಿನ ಕೆಳಗೆ, ಒಲೆಯಿಂದ ದೂರದಲ್ಲಿ, ಬಿದಿರ ತಟ್ಟಿ ಕಟ್ಟಿರಿ. ಮೂಡಗಾಳಿ ನುಗ್ಗುವ ಸಂದು ಮುಚ್ಚಿರಿ. ನೆಲದ ಮೇಲೆ ಮಲಗುವವರಿಗೆ ಚಾಪೆಯಡಿ ಒಣಹುಲ್ಲು ಹಾಸಿರಿ. ಕರುವಿಗೂ ಒಣಹುಲ್ಲು ಹಾಸಿ, ಗೋಣಿ ಹೊದಿಸಿರಿ.

ಒಂದು ಮಾತು ಮಾತ್ರ ಮರೆಯಬೇಡಿ. ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಹೊಗೆ ಹೋಗುತ್ತಿತ್ತು. ಇಂದಿನ ಕೋಣೆ ಬಿಗಿ. ಅಲ್ಲಿ ಕೆಂಡದ ಬುಟ್ಟಿಯಿಟ್ಟು ಬಾಗಿಲು ಹಾಕಿ ಮಲಗಿದರೆ ಇಂಗಾಲದ ಮಾನಾಕ್ಸೈಡು ಎಂಬ ವಿಷಗಾಳಿ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಬಾಣಂತಿಯ ಕೋಣೆಯಲ್ಲಿ ಇನ್ನೂ ಎಚ್ಚರ ಬೇಕು. ಕಾಯಿಸಿಕೊಳ್ಳುವುದಾದರೆ ಅಂಗಳದಲ್ಲಿ ಕಾಯಿಸಿಕೊಳ್ಳಿ. ಮಲಗುವ ಕೋಣೆಗೆ ಕೌದಿ, ಕಂಬಳಿಯೇ ಸಾಕು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತೀರಲ್ಲ, ಅಲ್ಲಿವರೆಗೆ ಮನೆಮಂದಿಯೆಲ್ಲ ಬೆಚ್ಚಗಿರಿ.