ಕಡಲ ದಂಡೆಯ ಗಾಳ: ರೀಲಿಗೆ ದಾರ ಆರಿಸುವುದು, ಸುತ್ತುವುದು

ಮರಳ ದಂಡೆಯಲ್ಲಿ ನಿಂತು, ಅಲೆ ಒಡೆಯುವ ಸಾಲಿನಾಚೆಗೆ ಗಾಳ ಬೀಸಿ ಎಸೆಯುವುದಕ್ಕೆ ಸರ್ಫ್ ಕಾಸ್ಟಿಂಗ್ ಎನ್ನುತ್ತಾರೆ. ಇದಕ್ಕೆ 12ರಿಂದ 14 ಅಡಿಯ ಕೋಲು, ದೊಡ್ಡ ರೀಲು, 100 ಗ್ರಾಮಿನ ಆಸುಪಾಸಿನ ಸೀಸ ಬೇಕು. ಕೋಲಿಗೆ ಸಾವಿರಾರು ರೂಪಾಯಿ ಸುರಿಯುವವರು ಕೂಡ ದಾರವನ್ನು ಮಾತ್ರ ಅಂಗಡಿಯವರು ಕೊಟ್ಟಂತೆ ಸುತ್ತಿಸಿಕೊಂಡು ಬರುತ್ತಾರೆ. ಆದರೆ ಗಾಳ ಎಷ್ಟು ದೂರ ಹೋಗುತ್ತದೆ, ಪಕ್ಕದಲ್ಲಿ ನಿಂತವರು ಎಷ್ಟು ಕ್ಷೇಮ ಎಂಬುದು ಬಹುಮಟ್ಟಿಗೆ ದಾರವನ್ನೇ ಅವಲಂಬಿಸಿದೆ.

ತಿರುಗದ ಸ್ಪೂಲು

ಇಂದು ಹೆಚ್ಚಿನವರ ಕೈಯಲ್ಲಿರುವ ರೀಲಿನಲ್ಲಿ ಎಸೆಯುವಾಗ ಸ್ಪೂಲು ತಿರುಗುವುದಿಲ್ಲ, ದಾರ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಕಳಚುತ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಜವಳಿ ಉದ್ಯಮಿ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದರು. ಪ್ರತಿ ಸುರುಳಿಯೂ ಅಂಚನ್ನು ಉಜ್ಜಿಕೊಂಡೇ ಹೊರಬೀಳುವುದರಿಂದ ದಾರದ ದಪ್ಪ, ಅದು ತುಂಬಿರುವ ಮಟ್ಟ, ಸುತ್ತಿದ ಬಿಗಿ ಮೂರೂ ದೂರವನ್ನು ಹೆಚ್ಚಿಸಬಲ್ಲವು, ಕುಗ್ಗಿಸಲೂಬಲ್ಲವು.

ನೈಲಾನೋ, ಬ್ರೇಡೋ?

ಒಂದೇ ಎಳೆಯ ನೈಲಾನ್ ದಾರ ಅಗ್ಗ, ಗಂಟಿಗೆ ಒಗ್ಗುತ್ತದೆ, ಸಿಕ್ಕಾದರೆ ಬಿಡಿಸಬಹುದು. ಚೆನ್ನಾಗಿ ಹಿಗ್ಗುವುದರಿಂದ ಮೀನಿನ ದಿಢೀರ್ ಎಳೆತವನ್ನು ನುಂಗಿಕೊಳ್ಳುತ್ತದೆ. ಅದೇ ಹಿಗ್ಗಿನಿಂದಾಗಿ ದೂರದಲ್ಲಿ ಕಾಣೆಯಂಥ ಸಣ್ಣ ಮೀನು ಕಚ್ಚಿದ್ದು ಕೈಗೆ ಮಂಕಾಗಿ ತಿಳಿಯುತ್ತದೆ. ನೀರು ಹೀರಿದಾಗ ಬಲವೂ ಸ್ವಲ್ಪ ತಗ್ಗುತ್ತದೆ.

ಪಾಲಿಎಥಿಲೀನ್ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ಅದೇ ಬಲಕ್ಕೆ ತುಂಬ ತೆಳು, ಹಿಗ್ಗುವುದು ಅತ್ಯಲ್ಪ. ಹಾಗಾಗಿ ಗಾಳ ದೂರ ಹೋಗುತ್ತದೆ, ಪಕ್ಕದಿಂದ ಹರಿಯುವ ನೀರಿನ ಸೆಳೆತ ಅದನ್ನು ಅಷ್ಟಾಗಿ ಎಳೆಯುವುದಿಲ್ಲ. ಪೊಟ್ಟಣದ ಮೇಲೆ ಪಿಇ 1, ಪಿಇ 2 ಎಂದಿದ್ದರೆ ಅದು ಜಪಾನಿನ ದಪ್ಪದ ಅಳತೆ: ಪಿಇ 1 ಎಂದರೆ ಸುಮಾರು 0.165 ಮಿ.ಮೀ., ಪಿಇ 2 ಎಂದರೆ ಸುಮಾರು 0.235 ಮಿ.ಮೀ. ಆದರೆ ಬಂಡೆಗೆ ಉಜ್ಜಿದರೆ ಬ್ರೇಡ್ ಬೇಗ ಕಡಿಯುತ್ತದೆ. ಅಳಿವೆ ಬಾಯಿಯಲ್ಲಿ, ತಡೆಗೋಡೆಯ ಸಿಂಪಿ ಅಂಟಿದ ಕಲ್ಲುಗಳ ನಡುವೆ ಗಾಳ ಹಾಕುವವರಿಗೆ ನಾನು ನೈಲಾನನ್ನೇ ಹೇಳುತ್ತೇನೆ. ಹೊಸಬರಿಗೂ ಅಷ್ಟೇ: ಮೊದಲು 0.35 ಮಿ.ಮೀ. ನೈಲಾನಿನಲ್ಲಿ ಕೈ ಪಳಗಲಿ.

ಶಾಕ್ ಲೀಡರ್

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಬೀಸಿದ ಕ್ಷಣದಲ್ಲಿ ತೆಳು ದಾರ ತುಂಡಾದರೆ 100 ಗ್ರಾಂ ಸೀಸ ಎತ್ತ ಬೇಕಾದರೂ ಹಾರಿಹೋಗುತ್ತದೆ, ನಮ್ಮ ದಂಡೆಗಳಲ್ಲಿ ಸಂಜೆಗೆ ಮಕ್ಕಳುಮರಿ ತುಂಬಿರುತ್ತಾರೆ. ಅದಕ್ಕಾಗಿ ಮುಖ್ಯ ದಾರದ ತುದಿಗೆ ದಪ್ಪ ನೈಲಾನಿನ ತುಂಡೊಂದನ್ನು ಸೇರಿಸಬೇಕು. ಹಳಬರ ಲೆಕ್ಕ ಸರಳ: ಒಂದು ಔನ್ಸ್ ಸೀಸಕ್ಕೆ 10 ಪೌಂಡ್ ಬಲ. ಅಂದರೆ 100 ಗ್ರಾಮಿಗೆ ಸುಮಾರು 16 ಕಿಲೋ, 150 ಗ್ರಾಮಿಗೆ 24 ಕಿಲೋ. ಉದ್ದ ಕೋಲಿನ ಎರಡರಷ್ಟಿರಲಿ. ಎಸೆಯಲು ನಿಂತಾಗ ಲೀಡರಿನ ಐದಾರು ಸುತ್ತು ಸ್ಪೂಲಿನ ಮೇಲೇ ಉಳಿಯಬೇಕು, ಹಾಗಾದರೆ ಬೀಸಿನ ಭಾರ ಗಂಟಿನ ಮೇಲೆ ಬೀಳುವುದಿಲ್ಲ. ಬ್ರೇಡಿಗೆ ಲೀಡರ್ ಸೇರಿಸಲು ತೆಳುವಾಗಿ ಕೂರುವ ಎಫ್‌ಜಿ ಗಂಟು ಒಳ್ಳೆಯದು, ಕೋಲಿನ ಬಳೆಗಳಲ್ಲಿ ಸಿಕ್ಕದೆ ಸಾಗುತ್ತದೆ.

ಎಷ್ಟು ಹಿಡಿಸುತ್ತದೆ?

ರೀಲಿನ ಮೇಲೆ "0.35 ಮಿ.ಮೀ. – 300 ಮೀ." ಎಂದಿದ್ದು, ನೀವು 0.25 ಮಿ.ಮೀ. ದಾರ ಸುತ್ತುವಿರಾದರೆ, ದಪ್ಪಗಳ ಅನುಪಾತವನ್ನು ವರ್ಗ ಮಾಡಿ ಗುಣಿಸಿ: 0.35ನ್ನು 0.25ರಿಂದ ಭಾಗಿಸಿದರೆ 1.4, ಅದರ ವರ್ಗ 1.96. ಸುಮಾರು 588 ಮೀಟರ್ ಹಿಡಿಸುತ್ತದೆ. ಅಷ್ಟೂ ಬ್ರೇಡನ್ನೇ ಕೊಳ್ಳಬೇಕಿಲ್ಲ, ಅಡಿಗೆ ಅಗ್ಗದ ನೈಲಾನ್ ಸುತ್ತಿ ಮೇಲೆ 250–300 ಮೀಟರ್ ಬ್ರೇಡ್ ಹಾಕಿದರೆ ಸಾಕು. ನುಣುಪು ಸ್ಪೂಲಿನ ಮೇಲೆ ಬ್ರೇಡ್ ಜಾರುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಸುತ್ತುವ ಕ್ರಮ

ದಾರದ ಉರುಳೆಯನ್ನು ಚೀಟಿ ಅಂಟಿಸಿದ ಮುಖ ಮೇಲಾಗಿ ನೆಲದ ಮೇಲಿಡಿ. ದಾರದ ತುದಿಯನ್ನು ಕೋಲಿನ ಕೆಳಗಿನ ಬಳೆಯಲ್ಲಿ ತೂರಿಸಿ, ರೀಲಿನ ಬೇಲ್ (ದಾರವನ್ನು ಸ್ಪೂಲಿಗೆ ಸುತ್ತಿಸುವ ಬಾಗಿದ ಕಂಬಿ) ತೆರೆದು, ಸ್ಪೂಲಿಗೆ ಕಟ್ಟಿ. ಬೇಲ್ ತೆರೆಯಲು ಮರೆತು ಕಟ್ಟಿದರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಹತ್ತಿಪ್ಪತ್ತು ಸುತ್ತಾದ ಮೇಲೆ ನಿಲ್ಲಿಸಿ, ದಾರವನ್ನು ಸಡಿಲ ಬಿಟ್ಟು ನೋಡಿ. ಹುರಿಗೊಂಡು ತನ್ನ ಮೇಲೇ ಸುತ್ತಿಕೊಂಡರೆ ಉರುಳೆಯನ್ನು ಮಗುಚಿಹಾಕಿ ಮುಂದುವರಿಸಿ. ಸ್ಪೂಲೇ ತಿರುಗುವ ಮಲ್ಟಿಪ್ಲಯರ್ ರೀಲಾದರೆ ಉರುಳೆಯನ್ನು ಪೆನ್ಸಿಲ್ ಮೇಲೆ ಸುಲಭವಾಗಿ ಉರುಳಲು ಬಿಡಿ, ಹುರಿ ಬೀಳುವುದಿಲ್ಲ.

ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು, ಒಂದೇ ಬಿಗಿಯಲ್ಲಿ ಸುತ್ತಿ. ಸಡಿಲವಾಗಿ ಸುತ್ತಿದ ಬ್ರೇಡಿನಲ್ಲಿ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಹೋಗಿ, ಎಸೆಯುವಾಗ ಗಕ್ಕನೆ ತಡೆಯುತ್ತದೆ. ಅಂಚಿಗಿಂತ ಸುಮಾರು 2 ಮಿ.ಮೀ. ಕೆಳಗೆ ನಿಲ್ಲಿಸಿ. ಇನ್ನೂ ಕೆಳಗಾದರೆ ಉಜ್ಜಾಟ ಹೆಚ್ಚಿ ದೂರ ಕುಗ್ಗುತ್ತದೆ, ಅಂಚಿನವರೆಗೆ ತುಂಬಿದರೆ ಸುರುಳಿಗಳು ಒಟ್ಟಿಗೇ ಕಳಚಿ ಗೋಜಲಾಗುತ್ತವೆ. ಬ್ರೇಡ್ ಎಸೆಯುವಾಗ ತೋರುಬೆರಳಿಗೆ ತೊಗಲಿನ ಕವಚ ಬೇಕೇ ಬೇಕು, ಇಲ್ಲದಿದ್ದರೆ ಬೆರಳು ಕೊಯ್ದುಕೊಳ್ಳುತ್ತದೆ.

ಉಪ್ಪು, ಮರಳು, ಬಿಸಿಲು

ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ತುದಿಯ ಕೆಲವು ಮೀಟರ್‌ಗಳನ್ನು ಬೆರಳಲ್ಲಿ ಎಳೆದು ನೋಡಿ, ಒರಟು ಸಿಕ್ಕಿದಲ್ಲಿ ಕತ್ತರಿಸಿ ಲೀಡರನ್ನು ಹೊಸದಾಗಿ ಕಟ್ಟಿ. ಕತ್ತರಿಸಿದ ತುಂಡುಗಳನ್ನು ಮರಳಲ್ಲಿ ಬಿಡಬೇಡಿ, ಮೊಟ್ಟೆಯಿಡಲು ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲಿ ಆಮೆಗಳ ಕಾಲಿಗೆ ಅವು ಉರುಳಾಗುತ್ತವೆ. ನೈಲಾನನ್ನು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಒಳ್ಳೆಯದು. ಬ್ರೇಡ್ ಹೆಚ್ಚು ಬಾಳುತ್ತದೆ: ಮೇಲ್ಭಾಗ ಬಣ್ಣಗೆಟ್ಟು ನವಿರೆದ್ದಾಗ ಇನ್ನೊಂದು ಸ್ಪೂಲಿಗೆ ತಿರುವಿ ಸುತ್ತಿದರೆ, ನೀರನ್ನೇ ಕಾಣದ ಒಳಭಾಗ ಮೇಲೆ ಬರುತ್ತದೆ.