ಶ್ರೋಣಿತಳದ ಫಿಸಿಯೋಥೆರಪಿ: ಒಂದು ವೃತ್ತಿ ಬೆಳೆದ ಬಗೆ

ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಕೆಳಗಿನಿಂದ ಆತುಕೊಂಡಿರುವ ಸ್ನಾಯುಗಳ ಪದರವೇ ಶ್ರೋಣಿತಳ. ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ವಯಸ್ಸಿನ ಕಾರಣದಿಂದ ಇದು ಬಲ ಕಳೆದುಕೊಂಡರೆ ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಸೋರುತ್ತದೆ. ಕೆಲವರಿಗೆ ಗರ್ಭಕೋಶವೇ ಕೆಳಕ್ಕೆ ಜಾರುತ್ತದೆ. ಈ ತೊಂದರೆಗಳನ್ನು ವ್ಯಾಯಾಮದಿಂದ ಸರಿಪಡಿಸುವ ವೃತ್ತಿ ಇಂದಿನ ರೂಪಕ್ಕೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಇದರ ಬೇರುಗಳು ಸ್ವೀಡನ್ನಿನಲ್ಲಿವೆ. ಪೇರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಥಾಪಿಸಿದ ವ್ಯಾಯಾಮ ಸಂಸ್ಥೆಯಲ್ಲಿ ಕಲಿತ ಸೇನಾಧಿಕಾರಿ ಥೂರೆ ಬ್ರಾಂಟ್, 19ನೇ ಶತಮಾನದ ಉತ್ತರಾರ್ಧದಲ್ಲಿ ಗರ್ಭಕೋಶ ಜಾರಿದವರಿಗೆ ಅಂಗಮರ್ದನ ಮತ್ತು ವ್ಯಾಯಾಮ ಎರಡನ್ನೂ ಬೆರೆಸಿದ ಚಿಕಿತ್ಸೆಯನ್ನು ರೂಪಿಸಿದ. ವೈದ್ಯನಲ್ಲದವನ ಈ ವಿಧಾನವನ್ನು 1886ರಲ್ಲಿ ಜರ್ಮನಿಯ ಯೇನಾದಲ್ಲಿ ಪ್ರೊಫೆಸರ್ ಶುಲ್ಟ್ಸೆ ಅವರ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಒಡ್ಡಲಾಯಿತು.

ಬ್ರಿಟನ್ನಿನಲ್ಲಿ ಅಂಗಮರ್ದನದ ಹೆಸರಿನಲ್ಲಿ ನಡೆಯುತ್ತಿದ್ದ ಅವ್ಯವಹಾರಗಳಿಂದ ವೃತ್ತಿಯ ಮಾನ ಹೋಗುತ್ತಿದ್ದಾಗ, ರೊಸಾಲಿಂಡ್ ಪ್ಯಾಜೆಟ್ ಸೇರಿದಂತೆ ನಾಲ್ವರು ನರ್ಸ್‌ಗಳು 1894ರಲ್ಲಿ ತರಬೇತಿ ಪಡೆದ ಅಂಗಮರ್ದಕಿಯರ ಸಂಘ ಕಟ್ಟಿದರು. ಇಂದಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿಯ ಮೂಲ ಇದೇ. 1912ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಪ್ರಸೂತಿ ತಜ್ಞ ಫೇರ್‌ಬೇರ್ನ್, ಅಲ್ಲಿನ ಅಂಗಮರ್ದಕಿ ಮಿನ್ನಿ ರ‍್ಯಾಂಡೆಲ್ ಅವರಿಗೆ ಬಾಣಂತಿಯರಿಗಾಗಿ ವ್ಯಾಯಾಮ ಕ್ರಮವೊಂದನ್ನು ಸಿದ್ಧಪಡಿಸಲು ಹೇಳಿದರು. ಹೆತ್ತವರು ದಿನಗಟ್ಟಲೆ ಹಾಸಿಗೆ ಬಿಟ್ಟೇಳಬಾರದೆಂಬ ನಿಯಮವಿದ್ದ ಕಾಲವದು. ಹಾಗಾಗಿ ಈ ವ್ಯಾಯಾಮಗಳು ಮಲಗಿದಲ್ಲೇ ಮಾಡುವಂಥವಾಗಿದ್ದವು. 1936ರಲ್ಲಿ ನರ್ತಕಿ ಮಾರ್ಗರೆಟ್ ಮಾರಿಸ್ ತಮ್ಮ ಪುಸ್ತಕದಲ್ಲಿ ಶ್ರೋಣಿತಳವನ್ನು ಬಿಗಿಹಿಡಿದು ಸಡಿಲಿಸುವ ಕ್ರಮವನ್ನು ವಿವರಿಸಿದರು. ಪ್ರಸೂತಿ ಕ್ಷೇತ್ರದ ಫಿಸಿಯೋಥೆರಪಿಸ್ಟ್‌ಗಳು 1948ರಲ್ಲಿ ತಮ್ಮದೇ ಸಂಘ ಮಾಡಿಕೊಂಡರು.

ಅದೇ ವರ್ಷ ಲಾಸ್ ಏಂಜಲೀಸ್‌ನ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೇಗಲ್ ಪ್ರಕಟಿಸಿದ ಲೇಖನದಿಂದ ಈ ವ್ಯಾಯಾಮಕ್ಕೆ ಅವರ ಹೆಸರೇ ನಿಂತಿತು. ಅವರು ವ್ಯಾಯಾಮದ ಜೊತೆಗೆ ಪೆರಿನಿಯೋಮೀಟರ್ ಎಂಬ ಸಾಧನವನ್ನೂ ಬಳಸಿದರು. ಯೋನಿಯೊಳಗಿಟ್ಟ ರಬ್ಬರಿನ ಕೋಶದ ಮೇಲೆ ಬೀಳುವ ಒತ್ತಡವನ್ನು ಅದು ಮುಳ್ಳಿನಲ್ಲಿ ತೋರಿಸುತ್ತಿತ್ತು. ಕಣ್ಣಿಗೆ ಕಾಣದ ಸ್ನಾಯು ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದು ಹೀಗೆ ರೋಗಿಗೇ ಗೊತ್ತಾಗುತ್ತಿತ್ತು. ಆದರೆ ಮುಂದಿನ ದಶಕಗಳಲ್ಲಿ ಕೇಗಲ್ ವ್ಯಾಯಾಮ ಬಾಯಿಮಾತಿನಲ್ಲಿ, ಕರಪತ್ರಗಳಲ್ಲಿ ಹರಡಿತೇ ಹೊರತು ಅಳೆದು ನೋಡುವ ಭಾಗ ಹಿಂದೆ ಉಳಿಯಿತು.

ಇದರಿಂದಾದ ನಷ್ಟ 1991ರಲ್ಲಿ ಬಯಲಾಯಿತು. ಅಮೆರಿಕದ ರಿಚರ್ಡ್ ಬಂಪ್ ಮತ್ತು ಸಂಗಡಿಗರು 47 ಮಹಿಳೆಯರಿಗೆ ಬಾಯಿಮಾತಿನಲ್ಲಿ ವ್ಯಾಯಾಮ ಹೇಳಿಕೊಟ್ಟು ಪರೀಕ್ಷಿಸಿದಾಗ, ಸರಿಯಾಗಿ ಮಾಡಿದವರು 23 ಮಂದಿ ಮಾತ್ರ. ಇನ್ನು 12 ಮಂದಿಯ ಪ್ರಯತ್ನ ಸೋರಿಕೆಯನ್ನು ಹೆಚ್ಚಿಸಬಹುದಾದ ರೀತಿಯದಾಗಿತ್ತು. ಸ್ನಾಯುವನ್ನು ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಒತ್ತುವುದು ಇಲ್ಲಿನ ಸಾಮಾನ್ಯ ತಪ್ಪು. ತರಬೇತಾದ ಫಿಸಿಯೋಥೆರಪಿಸ್ಟ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಎಲಿಜಬೆತ್ ನೋಬಲ್ 1977ರಲ್ಲಿ ಅಲ್ಲಿನ ಫಿಸಿಕಲ್ ಥೆರಪಿ ಸಂಘದೊಳಗೆ ಪ್ರಸೂತಿ ಮತ್ತು ಸ್ತ್ರೀರೋಗಗಳ ವಿಭಾಗ ತೆರೆದಿದ್ದರು. 1999ರಲ್ಲಿ ನಾರ್ವೆಯ ಫಿಸಿಯೋಥೆರಪಿಸ್ಟ್ ಕಾರಿ ಬೋ ಮತ್ತು ಸಹೋದ್ಯೋಗಿಗಳು 107 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದಲ್ಲಿ ವಿದ್ಯುತ್ ಪ್ರಚೋದನೆ ಮತ್ತು ಯೋನಿಯೊಳಗಿಡುವ ತೂಕದ ಕೋನ್‌ಗಳಿಗಿಂತ ವ್ಯಾಯಾಮವೇ ಹೆಚ್ಚು ಫಲ ನೀಡಿತು. ಈ ವೃತ್ತಿ ಹೆಂಗಸರಿಗಷ್ಟೇ ಸೀಮಿತವಾಗಿಯೂ ಉಳಿಯಲಿಲ್ಲ. 2000ದಲ್ಲಿ ಬೆಲ್ಜಿಯಂನ ಲ್ಯೂವೆನ್‌ನಿಂದ ಬಂದ ಅಧ್ಯಯನದಲ್ಲಿ, ಪ್ರಾಸ್ಟೇಟ್ ಗ್ರಂಥಿ ತೆಗೆಸಿಕೊಂಡ ಗಂಡಸರ ಪೈಕಿ ಈ ಚಿಕಿತ್ಸೆ ಪಡೆದವರಲ್ಲಿ ಶೇ. 88 ಮಂದಿಗೆ ಮೂರು ತಿಂಗಳಲ್ಲಿ ಮೂತ್ರದ ಹಿಡಿತ ಮರಳಿತು. ಪಡೆಯದವರಲ್ಲಿ ಆ ಪ್ರಮಾಣ ಶೇ. 56.

2006ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ಕೆಮ್ಮು ಸೀನುಗಳಿಂದ ಮೂತ್ರ ಸೋರುವ ಮಹಿಳೆಯರಿಗೆ ಕನಿಷ್ಠ ಮೂರು ತಿಂಗಳ, ತಜ್ಞರ ಮೇಲ್ವಿಚಾರಣೆಯ ವ್ಯಾಯಾಮವನ್ನೇ ಮೊದಲ ಚಿಕಿತ್ಸೆಯಾಗಿ ಸೂಚಿಸಿತು: ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ಕನಿಷ್ಠ ಎಂಟು ಸಲ ಬಿಗಿಹಿಡಿತ. ವ್ಯಾಯಾಮ ಆರಂಭಿಸುವ ಮುನ್ನ ಸ್ನಾಯುವನ್ನು ಪರೀಕ್ಷಿಸಿಯೇ ನೋಡಬೇಕು ಎಂದೂ ಹೇಳಿತು. ಕೇಗಲ್ ಅಳೆದು ನೋಡುತ್ತಿದ್ದುದು ಇದೇ ಕಾರಣಕ್ಕೆ. ವ್ಯಾಯಾಮವನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಅದು ಸರಿಯಾದ ಸ್ನಾಯುವಿಗೆ ತಲುಪಿದೆಯೇ ಎಂದು ಪರೀಕ್ಷಿಸಿ ತಿದ್ದುವ ಕೌಶಲವೇ ಈ ವೃತ್ತಿಯ ತಿರುಳು.