ಪರಿಮಿತ ಹೊಣೆ ಮತ್ತು ಮಾಲೀಕನ ಮನೆ: ಕಂಪೆನಿ ಶಾಸನದ ಇತಿಹಾಸದಲ್ಲಿ ಒಂದು ವಿಚಾರ

ವ್ಯಾಪಾರವು ಮುರಿದುಬಿದ್ದಾಗ ಅದರ ಸಾಲವು ಅಂಗಡಿಯ ಹೊಸ್ತಿಲಲ್ಲಿಯೇ ನಿಲ್ಲಬೇಕೆ, ವ್ಯಾಪಾರಿಯ ಮನೆಯವರೆಗೂ ಬರಬೇಕೆ? ಕಂಪೆನಿ ಶಾಸನದ ಇತಿಹಾಸವು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತ ಬೆಳೆದುಬಂದಿದೆ. ವಾಣಿಜ್ಯದ ತರಗತಿಗಳಲ್ಲಿ ಪರಿಮಿತ ಹೊಣೆಯನ್ನು ಕಂಪೆನಿಯ ಲಕ್ಷಣಗಳಲ್ಲಿ ಒಂದೆಂದು ಕಲಿಸುತ್ತೇವೆ. ಅದು ಎಷ್ಟು ಈಚಿನದು, ವ್ಯವಹಾರದಲ್ಲಿ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು ವಿಚಾರಿಸುವುದು ಮಾತ್ರ ವಿರಳ.

ಹಳೆಯ ನಿಯಮವು ಕಠಿನವಾದುದು. ಪಾಲುಗಾರಿಕೆಯಲ್ಲಿ ಒಬ್ಬನ ಪಾಲು ರೂಪಾಯಿಗೆ ಒಂದಾಣೆಯಷ್ಟೇ ಆಗಿದ್ದರೂ ಸಂಸ್ಥೆಯ ಇಡೀ ಸಾಲಕ್ಕೆ ಅವನು ಹೊಣೆ. ಋಣದಾತನು ಅವನೊಬ್ಬನಿಂದಲೇ ಪೂರ್ತಿ ಹಣವನ್ನು ವಸೂಲು ಮಾಡಬಹುದು. 1932ರ ಭಾರತೀಯ ಪಾಲುಗಾರಿಕೆ ಅಧಿನಿಯಮದ 25ನೆಯ ಪ್ರಕರಣವು ಹೇಳುವುದು ಇದನ್ನೇ. ಅದು ಇಂದಿಗೂ ಜಾರಿಯಲ್ಲಿದೆ.

ಭಾರತದಲ್ಲಿ 1850ರ ಶಾಸನವು ಕಂಪೆನಿಗಳ ನೋಂದಣಿಗೆ ಅವಕಾಶವನ್ನಿತ್ತಿತಾದರೂ ಪರಿಮಿತ ಹೊಣೆಯನ್ನು ಕೊಡಲಿಲ್ಲ. ಇಂಗ್ಲೆಂಡಿನಲ್ಲಿ 1855ರಲ್ಲಿ ದೊರೆತ ಆ ಸೌಲಭ್ಯವು ಇಲ್ಲಿಗೆ 1857ರ 19ನೆಯ ಅಧಿನಿಯಮದಿಂದ ಬಂದಿತು. ಬ್ಯಾಂಕುಗಳನ್ನೂ ವಿಮಾ ಸಂಸ್ಥೆಗಳನ್ನೂ ಆಗ ಹೊರಗಿಡಲಾಗಿತ್ತು. ಪರರ ಹಣವನ್ನಿಟ್ಟುಕೊಂಡವನಿಗೆ ಇಂಥ ರಕ್ಷೆ ಸಲ್ಲದೆಂಬ ಶಂಕೆಯನ್ನು ನಾವು ಇದರಲ್ಲಿ ಕಾಣಬಹುದು. ಬ್ಯಾಂಕುಗಳಿಗೆ ಅದು ಲಭಿಸಿದ್ದು 1860ರಲ್ಲಿ.

ಕಂಪೆನಿ ಬೇರೆ, ಮಾಲೀಕ ಬೇರೆ ಎಂಬ ತತ್ತ್ವಕ್ಕೆ ಎಲ್ಲರೂ ಉದಾಹರಿಸುವುದು ಸಾಲೊಮನ್ ಮೊಕದ್ದಮೆಯನ್ನು. ಆದರೆ ಅದಕ್ಕೂ ಮೊದಲೇ, 1886ರಲ್ಲಿ, ಕಲ್ಕತ್ತೆಯ ಉಚ್ಚ ನ್ಯಾಯಾಲಯವು ಕೊಂಡೋಲಿ ಚಹಾ ಕಂಪೆನಿಯ ಪ್ರಕರಣದಲ್ಲಿ ಇದೇ ಮಾತನ್ನು ಹೇಳಿತ್ತು. ತೋಟದ ಒಡೆಯರು ತೋಟವನ್ನು ತಮ್ಮದೇ ಕಂಪೆನಿಗೆ ವರ್ಗಾಯಿಸಿ, ಷೇರುದಾರರೆಲ್ಲ ತಾವೇ ಆದುದರಿಂದ ಮಾರಾಟದ ಮುದ್ರಾಂಕ ಶುಲ್ಕವು ತಗಲದೆಂದು ವಾದಿಸಿದರು. ಕಂಪೆನಿಯು ಪ್ರತ್ಯೇಕ ವ್ಯಕ್ತಿ, ಶುಲ್ಕವನ್ನು ತೆರಲೇಬೇಕು ಎಂದು ತೀರ್ಪಾಯಿತು. ನಮ್ಮ ಪಠ್ಯಗಳಲ್ಲಿ ಈ ತೀರ್ಪಿಗೆ ಇನ್ನೂ ಹೆಚ್ಚಿನ ಸ್ಥಾನವು ಸಲ್ಲಬೇಕು. ಪ್ರತ್ಯೇಕತೆಯು ಇಲ್ಲಿ ಮಾಲೀಕನಿಗೆ ರಕ್ಷೆಯಾಗದೆ ಹೊರೆಯಾಯಿತೆಂಬುದು ಗಮನಾರ್ಹವಾಗಿದೆ.

ಇನ್ನು ಏರನ್ ಸಾಲೊಮನ್. ಲಂಡನ್ನಿನ ವೈಟ್‌ಚಾಪೆಲ್ ಬೀದಿಯಲ್ಲಿ ಬೂಟುಗಳನ್ನು ತಯಾರಿಸುತ್ತಿದ್ದ ಈತನು 1892ರಲ್ಲಿ ತನ್ನ ಉದ್ಯಮವನ್ನು ಕಂಪೆನಿಯಾಗಿ ಮಾರ್ಪಡಿಸಿದನು. ಶಾಸನಕ್ಕೆ ಏಳು ಮಂದಿ ಸದಸ್ಯರು ಬೇಕಾಗಿದ್ದರು. ತಾನು, ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳು ಸೇರಿ ಏಳಾಯಿತು! 20,007 ಷೇರುಗಳಲ್ಲಿ 20,001 ಆತನವು, ಉಳಿದವರಿಗೆ ಒಂದೊಂದು. ಕ್ರಯದ ಭಾಗವಾಗಿ 10,000 ಪೌಂಡುಗಳ ಸಾಲಪತ್ರಗಳನ್ನೂ ಅವನು ಪಡೆದನು, ಎಂದರೆ ತನ್ನ ಕಂಪೆನಿಗೆ ತಾನೇ ಭದ್ರತೆಯುಳ್ಳ ಋಣದಾತನಾದನು. ಬೇಗನೆ ಕಂಪೆನಿಯು ದಿವಾಳಿಯೆದ್ದಿತು. ಭದ್ರತೆಯಿಲ್ಲದೆ ಸಾಲ ಕೊಟ್ಟಿದ್ದವರಿಗೆ ಏನೂ ಉಳಿಯಲಿಲ್ಲ. ಕೆಳಗಿನ ಎರಡು ನ್ಯಾಯಾಲಯಗಳೂ ಈ ಕಂಪೆನಿಯು ಸಾಲೊಮನ್ನನ ನೆರಳೇ ಎಂದು ಬಗೆದು ಆತನನ್ನು ಹೊಣೆಮಾಡಿದವು. 1896ರ ನವೆಂಬರಿನಲ್ಲಿ ಲಾರ್ಡ್ಸ್ ಸಭೆಯು ಒಮ್ಮತದಿಂದ ಅದನ್ನು ತಳ್ಳಿಹಾಕಿತು. (ವರದಿಯು 1897ರ ಸಂಪುಟದಲ್ಲಿ ಅಚ್ಚಾದುದರಿಂದ ಪಠ್ಯಗಳಲ್ಲಿ 1897 ಎಂದು ರೂಢಿಯಾಗಿದೆ.) ಕಂಪೆನಿಯೊಡನೆ ವ್ಯವಹರಿಸುತ್ತಿದ್ದೇವೆಂದು ಋಣದಾತರಿಗೆ ತಿಳಿದಿತ್ತು, ನಷ್ಟಕ್ಕೆ ಅವರು ತಮ್ಮನ್ನೇ ದೂರಿಕೊಳ್ಳಬೇಕು ಎಂಬುದು ಲಾರ್ಡ್ ಮ್ಯಾಕ್‌ನಾಟನ್ನರ ಅಭಿಪ್ರಾಯವಾಗಿತ್ತು.

ಇದು ಕಟುವಾದ ಉಪದೇಶ. ಆದರೆ ಸಾಲ ಕೊಡುವವರ ಪೈಕಿ ಬಲವುಳ್ಳವರಿಗೆ ಇದಕ್ಕೆ ಪರಿಹಾರವು ಕೈಯಲ್ಲಿಯೇ ಇದ್ದಿತು. ಕಂಪೆನಿಗೆ ಸಾಲ ಕೊಡುವಾಗ ಮಾಲೀಕನ ಸ್ವಂತ ಜಾಮೀನನ್ನೂ ಬರೆಸಿಕೊಂಡರಾಯಿತು. 1872ರ ಕರಾರು ಅಧಿನಿಯಮದ 128ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಮೊದಲು ಸಾಲಗಾರನಿಂದ ವಸೂಲಿಗೆ ಯತ್ನಿಸಿ ಆಮೇಲೆ ಜಾಮೀನುದಾರನ ಬಳಿಗೆ ಹೋಗಬೇಕೆಂಬ ಷರತ್ತನ್ನು, ಬಿಹಾರ ಬ್ಯಾಂಕಿನ ಮೊಕದ್ದಮೆಯಲ್ಲಿ 1968ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಹೀಗೆ, ಶಾಸನವು ಕಟ್ಟಿದ ಗೋಡೆಗೆ ಮಾಲೀಕನ ರುಜುವಿನಿಂದಲೇ ಬಾಗಿಲು ತೆರೆಯಿತು. ಇದರ ಪ್ರಯೋಜನವು ಬ್ಯಾಂಕಿಗೆ. ಸರಕನ್ನು ಕಡವಾಗಿ ಕೊಟ್ಟ ಚಿಕ್ಕ ವ್ಯಾಪಾರಿಗೆ ಇಂಥ ರುಜುವನ್ನು ಕೇಳುವ ಶಕ್ತಿಯೆಲ್ಲಿಯದು? ಸಾಲೊಮನ್ನನ ಕಾಲದ ಅನ್ಯಾಯವು ಅವನ ಪಾಲಿಗೆ ಇನ್ನೂ ಉಳಿದಿದೆಯೆಂದೇ ನಮ್ಮ ಮತ.

ವೃತ್ತಿನಿರತರ ಸ್ಥಿತಿಯು ಸ್ವಲ್ಪ ಭಿನ್ನ. ಲೆಕ್ಕಪರಿಶೋಧಕರು ಕಂಪೆನಿಯಾಗಿ ವೃತ್ತಿ ನಡೆಸುವುದನ್ನು 1949ರ ಅಧಿನಿಯಮವು ನಿಷೇಧಿಸಿದುದರಿಂದ ಅವರಿಗೆ ಪಾಲುಗಾರಿಕೆಯೇ ಗತಿಯಾಗಿದ್ದಿತು. ಒಬ್ಬನ ತಪ್ಪಿಗೆ ಎಲ್ಲರ ಆಸ್ತಿಯೂ ಗುರಿ. 2008ರ ಪರಿಮಿತ ಹೊಣೆಯ ಪಾಲುಗಾರಿಕೆ ಅಧಿನಿಯಮವು ಜೊತೆಗಾರನ ತಪ್ಪಿನ ಭಾರವನ್ನು ಇಳಿಸಿತು. ತನ್ನ ತಪ್ಪಿನ ಭಾರ ಮಾತ್ರ ತನ್ನದೇ.

2013ರ ಕಂಪೆನಿ ಅಧಿನಿಯಮವು ಏಕವ್ಯಕ್ತಿ ಕಂಪೆನಿಗೆ ಮನ್ನಣೆಯಿತ್ತಿತು. ಸಂಖ್ಯೆ ತುಂಬಲು ಹೆಂಡತಿಮಕ್ಕಳನ್ನು ಸೇರಿಸುವ ಅಗತ್ಯ ತಪ್ಪಿತು. ಆದರೆ 2019ರ ಡಿಸೆಂಬರ್ 1ರಿಂದ, 2016ರ ದಿವಾಳಿ ಸಂಹಿತೆಯ ಉಪಬಂಧಗಳು ಕಂಪೆನಿಗಳಿಗೆ ಜಾಮೀನಾದ ವ್ಯಕ್ತಿಗಳಿಗೂ ಅನ್ವಯವಾದವು. ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2021ರ ಮೇ 21ರಂದು ವಜಾ ಮಾಡಿ, ಕಂಪೆನಿಯ ಸಾಲಕ್ಕೆ ಪರಿಹಾರ ಯೋಜನೆಯು ಮಂಜೂರಾದ ಮಾತ್ರದಿಂದಲೇ ಜಾಮೀನುದಾರನು ಋಣಮುಕ್ತನಾಗುವುದಿಲ್ಲವೆಂದು ಸ್ಪಷ್ಟಪಡಿಸಿತು.